ಕೆರೆಯೊಳಗಿನ ನಮ್ಮ ಬಾವಿ

ನಮ್ಮ ಸೊಲ್ಲಾಪುರದಲ್ಲಿ ನಳ ಬರುವ ದಿನ ಹೆಂಗಸರು ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಮದುವೆಯ ಕರೆ ಬಂದರೂ ಮೊದಲು ನೋಡುವುದು ಅವತ್ತು ನೀರಿನ ದಿನವೋ ಅಲ್ಲವೋ ಎಂದು. ಬ್ಯಾರಲ್ಲು, ಕೊಡ, ಪಾತೇಲಿ, ಕಡೆಗೆ ಚಹಾದ ಕಿಟ್ಲಿಯನ್ನೂ ತುಂಬಿಟ್ಟುಕೊಂಡು ಬದುಕುವ ಊರು ನಮ್ಮದು. ಅದಕ್ಕೇ ಇರಬೇಕು, ಬಯಲಿನಲ್ಲಿ ಸುಮ್ಮನೆ ಬಿದ್ದುಕೊಂಡ ನೀರು ಕಂಡರೆ ನಮ್ಮ ಜನಕ್ಕೆ ಕಾಲು ನಿಲ್ಲುವುದಿಲ್ಲ. ಸಂಜೆಯಾದರೆ ಕಂಬರ ತಲಾವಿನ ದಂಡೆಯ ಮೇಲೆ ನಡೆಯುವವರ ಗದ್ದಲ. ರವಿವಾರ ಹಿಪ್ಪರಗಿ ತಲಾವಿಗೆ ಡಬ್ಬಿ ಕಟ್ಟಿಕೊಂಡು ಹೋಗುವವರು ಬೇರೆ. ಚಳಿಗಾಲದಲ್ಲಿ ಉಜನಿ ಧರಣದ ಹಿನ್ನೀರಿಗೆ ಹಕ್ಕಿ ನೋಡಲು ಹೋದವರಂತೂ ಹಕ್ಕಿಗಿಂತ ಅಲ್ಲಿಯ ಮೀನಿನ ಊಟದ ಸುದ್ದಿಯನ್ನೇ ಹೆಚ್ಚು ಹೇಳುತ್ತಾರೆ.

ನನಗೆ ಮಾತ್ರ ನೀರಿನ ಹತ್ತಿರ ಹೋದ ಕೂಡಲೇ ತಲೆ ಎಣಿಸುವ ಚಟ. ಇದು ಕಾನ್ವೆಂಟಿನಿಂದ ಬಂದದ್ದು. ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮನ್ನು ಹಿಪ್ಪರಗಿ ತಲಾವಿಗೆ ಸಹಲಿಗೆ ಕರೆದುಕೊಂಡು ಹೋಗಿದ್ದರು. ನಮ್ಮ ಸಿಸ್ಟರ್ ದಂಡೆಯ ಮೇಲೆ ಒಂದು ಉದ್ದನೆಯ ಹಗ್ಗ ಹಾಸಿ, ಅದನ್ನು ದಾಟಿದವರಿಗೆ ಡಬ್ಬಿ ಬಿಚ್ಚಲು ಸಿಗುವುದಿಲ್ಲ ಎಂದಿದ್ದರು. ಆಗಾಗ ಶೀಟಿ ಊದುತ್ತಿದ್ದರು. ಶೀಟಿ ಕೇಳಿದರೆ ಇಬ್ಬಿಬ್ಬರು ಕೈ ಹಿಡಿದು ನಿಲ್ಲಬೇಕು, ಅವರು ಎರಡು, ನಾಲ್ಕು, ಆರು ಎಂದು ಎಣಿಸುತ್ತಾ ಬರುವರು. ಎಣಿಸುವಾಗ ಅವರ ತುಟಿ ಬಿಳಿಚಿಕೊಂಡಿರುತ್ತಿತ್ತು. ಆಗ ನಮಗೆ ನಗು ಬರುತ್ತಿತ್ತು. ಈಗ ನನ್ನ ತುಟಿಯೂ ಹಾಗೇ ಆಗುತ್ತದೆಂದು ನನ್ನ ಮಗಳು ಹೇಳುತ್ತಾಳೆ.

ನಾನು ಹೇಳಬೇಕೆಂದಿರುವುದು ಈ ಯಾವ ದೊಡ್ಡ ತಲಾವಿನ ಮಾತೂ ಅಲ್ಲ. ವಾಗದರಿಯಿಂದ ಸ್ವಲ್ಪ ಆಚೆ ಒಂದು ಸಣ್ಣ ಕೆರೆ ಇದೆ. ನಮ್ಮ ಅತ್ತೆ ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಸರಕಾರದವರು ಹಳ್ಳಕ್ಕೆ ಒಡ್ಡು ಹಾಕಿ ಕಟ್ಟಿದ್ದು. ಆ ಕೆರೆಗೆ ಹಲವರ ಹೊಲ ಹೋದವು, ನಮ್ಮದೂ ಹೋಯಿತು. ಮಾವನವರು ಅಕ್ಕಲಕೋಟಕ್ಕೆ ಬಂದು ಬಸ್ ಡೆಪೋದಲ್ಲಿ ಕೆಲಸ ಹಿಡಿದರು, ಒಂದು ಮನೆ ಕಟ್ಟಿಸಿದರು. ಅಲ್ಲಿ ಈಗ ಭಾವನವರ ಸಂಸಾರ ಇದೆ. ನಾವು, ಎಂದರೆ ನನ್ನ ಯಜಮಾನರು, ನಾನು, ಮಗಳು ಮತ್ತು ಅತ್ತೆ, ಸೊಲ್ಲಾಪುರದಲ್ಲಿ.

ಹೊಲ ಬಿಟ್ಟುಕೊಡುವ ಮೊದಲು ಅವರವರ ಕಲ್ಲು, ಕಟ್ಟಿಗೆ ಅವರವರು ಒಯ್ಯಬಹುದು ಎಂದು ಹೇಳಿದ್ದರಂತೆ. ಮಾವನವರು ಬಾವಿಯ ಮೇಲಿನ ಕಟ್ಟೆಯ ಕಲ್ಲುಗಳನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಅಕ್ಕಲಕೋಟದ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಹಾಸಿದ್ದು ಅವೇ ಕಲ್ಲು. ಒಂದರ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಮೂರು ಕಚ್ಚುಗಳಿವೆ. ಹೊಸ ಸೊಸೆಯಾಗಿ ಆ ಕಲ್ಲಿನ ಮೇಲೆ ಸೀರೆ ಒಗೆಯುವಾಗ ನನ್ನ ಬೆರಳು ಆ ಕಚ್ಚಿನೊಳಗೆ ತಾನಾಗಿ ಹೋಗಿ ಕೂರುತ್ತಿತ್ತು. ಬೆರಳಿಗೆಂದೇ ಕೊರೆದ ಹಾಗೆ ನುಣುಪು.

ಕಲ್ಲು ತಂದರು, ಬಾವಿ ಮುಚ್ಚಲಿಲ್ಲ. ಉಳಿದವರು ತಮ್ಮ ತಮ್ಮ ಬಾವಿಗೆ ಮಣ್ಣು ಹಾಕಿದರಂತೆ. ನಮ್ಮ ಮಾವನವರು ಗಂಗವ್ವನ ಬಾಯಿಗೆ ಮಣ್ಣು ಹಾಕುವುದಿಲ್ಲ ಎಂದುಬಿಟ್ಟರು. ಅವರಪ್ಪ ತೋಡಿಸಿದ ಬಾವಿ, ಎಂಥ ಬರದಲ್ಲೂ ಬತ್ತಿದ್ದಲ್ಲ, ಪ್ರತಿ ದೀಪಾವಳಿಗೆ ಅದರ ಮೆಟ್ಟಿಲಿಗೆ ದೀಪ ಇಟ್ಟವರು ಅದನ್ನು ಹೂಳುವುದು ಹೇಗೆ? ಹೇಗಿದ್ದರೂ ಕೆರೆ ತುಂಬಿದ ಮೇಲೆ ನೀರಿನ ಮೇಲೆ ನೀರು, ಬಾವಿ ಇದ್ದರೇನು, ಬಿಟ್ಟರೇನು ಎಂದು ಅವರ ಲೆಕ್ಕಾಚಾರ. ಆ ಬಯಲಿಗೆ ಮುಂದೆ ಜನ ಮಕ್ಕಳನ್ನು ಕಟ್ಟಿಕೊಂಡು ಆಡಲು ಬರುತ್ತಾರೆ ಎಂದು ಆಗ ಯಾರಿಗೆ ಹೊಳೆದೀತು?

ಬರುತ್ತಾರೆ. ಮೊದಲು ಸುತ್ತಲಿನ ಊರಿನವರು, ಆಮೇಲೆ ವಳಸಂಗದವರು, ಸೊಲ್ಲಾಪುರದವರು. ಈಗ ಎರಡು ಮೂರು ವರ್ಷದಿಂದ ಒಬ್ಬಾತ ಎರಡು ಪೆಡಲ್ ಬೋಟು ತಂದು ಬಿಟ್ಟಿದ್ದಾನೆ. ಹಂಸದ ಆಕಾರದವು, ಒಂದರ ಕೊಕ್ಕಿನ ಬಣ್ಣ ಎದ್ದು ಬಿಳಿ ತಗಡು ಕಾಣುತ್ತದೆ. ಬಾಡಿಗೆಗೆ ಟ್ಯೂಬು ಇವೆ, ಸುಟ್ಟ ಮೆಕ್ಕೆತೆನೆಯ ಗಾಡಿ ಇದೆ, ಗಾಡಿ ನಿಲ್ಲಿಸಲು ಸುಣ್ಣದ ಗೆರೆ ಹಾಕಿದ್ದಾರೆ.

ನಮ್ಮ ಮನೆಯವರು ಅಲ್ಲಿಗೆ ಹೋಗುವುದು ಎಳ್ಳ ಅಮಾವಾಸ್ಯೆಗೆ. ಅವತ್ತು ನಮ್ಮ ಸೀಮೆಯಲ್ಲಿ ಹೊಲ ಇದ್ದವರು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಎಲ್ಲ ಕಾಯಿಪಲ್ಲೆ ಕೂಡಿಸಿದ ಭಜ್ಜಿ, ಕಡಬು, ಅಂಬಲಿ ಎಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಮೊದಲು ಆ ಅಡಿಗೆಯನ್ನೇ ಭೂಮಿಗೆ ಚರಗ ಎಂದು ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಹೊಲ ಮುಳುಗಿ ಎಷ್ಟೋ ವರ್ಷವಾದರೂ ನಮ್ಮ ಅತ್ತೆ ಆ ದಿನ ತಪ್ಪಿಸಿದವರಲ್ಲ. ನೀರಿನ ಅಂಚಿಗೆ ನಿಂತು ಚರಗವನ್ನು ನೀರಿಗೇ ಚೆಲ್ಲುತ್ತಾರೆ. ಸಣ್ಣ ಸಣ್ಣ ಮೀನು ಬಂದು ಕಡಬಿನ ಚೂರಿಗೆ ಮುತ್ತುತ್ತವೆ.

ಚರಗ ಚೆಲ್ಲುವುದಕ್ಕಿಂತ ಮೊದಲು ಅವರಿಗೆ ಇನ್ನೊಂದು ಕೆಲಸ. ಮಳೆಗಾಲ ಮುಗಿದಾಗ ನಮ್ಮ ಹೊಲದ ಮೇಲೆ ಎರಡಾಳು ನೀರು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅದು ಇಳಿದು ಮೊಣಕಾಲು, ಹೆಚ್ಚೆಂದರೆ ತೊಡೆಯ ಮಟ್ಟಕ್ಕೆ ಬಂದಿರುತ್ತದೆ. ಮಕ್ಕಳು ಇಳಿದು ಆಡಲು ಹೇಳಿ ಮಾಡಿಸಿದಂಥ ನೀರು. ಆ ಮೊಣಕಾಲು ನೀರಿನ ಕೆಳಗೆ, ಕಟ್ಟೆ ಇಲ್ಲದ, ಬಾಯಿ ತೆರೆದ ಬಾವಿ. ಊರಿನವರಿಗೆ ಗೊತ್ತು, ಅವರ ಎಮ್ಮೆ ಸಹ ಆ ಕಡೆ ಹೋಗುವುದಿಲ್ಲ. ಟ್ಯೂಬು ತೆಗೆದುಕೊಂಡು ಬಂದವರಿಗೆ ಯಾರು ಹೇಳಬೇಕು?

ಅದಕ್ಕೇ ಅತ್ತೆ ಪ್ರತಿ ವರ್ಷ ಒಂದು ಉದ್ದನೆಯ ಬಿದಿರು, ನಾಲ್ಕು ಗೂಟ, ಕೆಂಪು ಖಣದ ಚಿಂದಿ ಮನೆಯಿಂದಲೇ ತರುತ್ತಿದ್ದರು. ದಂಡೆಯ ಮೇಲೆ ನಮ್ಮ ಹೊಲದ ಗಡಿಗೆ ನೆಟ್ಟ ಹದ್ದಿನ ಕಲ್ಲು ಇನ್ನೂ ಇದೆ, ಅರ್ಧ ಹೂತು ವಾಲಿಕೊಂಡಿದೆ. ಅಲ್ಲಿಂದ ಸುರು ಮಾಡಿ ದಂಡೆಗುಂಟ ನಲವತ್ತೆರಡು ಎಣಿಸುವುದು. ಅಲ್ಲಿ ನಿಂತು ಎದುರು ದಂಡೆಯ ಬೇವಿನ ಮರಕ್ಕೆ ಮುಖ ಮಾಡುವುದು. ಮುಂದೆ ಮುಂದೆ ಬಿದಿರು ಊರುತ್ತಾ ನೀರಿಗೆ ಇಳಿಯುವುದು. ಬಿದಿರಿಗೆ ತಳ ಸಿಗದಾದಾಗ ಸುತ್ತ ಗೂಟ ಹೊಡೆದು ಚಿಂದಿ ಕಟ್ಟುವುದು. ಇಷ್ಟು ಮಾಡಿ ಬಂದ ಮೇಲೆಯೇ ಅವರು ಬುಟ್ಟಿಯ ಮೇಲಿನ ಬಟ್ಟೆ ತೆಗೆಯುವುದು. ಬೇಸಿಗೆಯ ತನಕ ಆ ಗೂಟ ಉಳಿಯಲಿ, ಅಷ್ಟೇ ಅವರ ಬಯಕೆ. ಒಮ್ಮೆ ಯಜಮಾನರು, ಅದು ಈಗ ಸರಕಾರದ ಕೆರೆ, ಏನಾದರೂ ಆದರೆ ಸರಕಾರ ನೋಡಿಕೊಳ್ಳುತ್ತದೆ ಎಂದರು. ಅತ್ತೆ ಗೂಟ ಹೊಡೆಯುವ ಕಲ್ಲನ್ನು ಕೆಳಗಿಟ್ಟು ಮಗನ ಮುಖ ನೋಡಿದರು.

"ಕೆರಿ ಸರಕಾರದ್ದು. ಬಾವಿ ನಮ್ಮದು. ಯಾರ್ದರ ಕೂಸು ಅದರಾಗ ಹೋತಂದ್ರ, ಸರಕಾರ ಬಂದು ನಮ್ಮ ಮನ್ಯಾಗ ಉಣ್ಣಾಂಗಿಲ್ಲ, ಆ ಪಾಪಾ ಹೊತಗೊಂಡು ನಾವ ಉಣ್ಣಬೇಕು."

ಹೋದ ವರ್ಷ ಅತ್ತೆಗೆ ಕಣ್ಣಿನ ಪೊರೆ ಬಲಿತಿತ್ತು. ಒಂದು ಕಣ್ಣಿನ ಆಪರೇಶನ್ ಆಗಿತ್ತು, ಇನ್ನೊಂದು ಉಳಿದಿತ್ತು. ನೀರಿಗೆ ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಬಾವಿ ಗುರುತಿಸುವ ಕೆಲಸ ನನ್ನ ಪಾಲಿಗೆ ಬಂತು. ಯಜಮಾನರಿಗೆ ಬರಬೇಕಿತ್ತು, ಆದರೆ ಅವರು ಎಂದೂ ಎಣಿಸಿ ನೋಡಿದವರಲ್ಲ. ನಾನು ನೋಡಿದ್ದೆ. ಪ್ರತಿ ವರ್ಷ ಬುಟ್ಟಿ ಇಳಿಸುತ್ತಾ, ಚಾಪೆ ಹಾಸುತ್ತಾ, ಅತ್ತೆ ದಂಡೆಗುಂಟ ಹೋಗುವುದನ್ನು ದೂರದಿಂದ ಎಣಿಸುತ್ತಿದ್ದೆ. ಎಣಿಸುವುದು ನನ್ನ ಚಟ ಎಂದೆನಲ್ಲ. ಪ್ರತಿ ಸಲವೂ ಸರಿಯಾಗಿ ನಲವತ್ತೆರಡು.

ಅವತ್ತು ನಾವು ಅಕ್ಕಲಕೋಟದ ಮನೆಯಿಂದ ಹೊರಟಾಗಲೇ ತಡವಾಗಿತ್ತು. ಕೆರೆ ಮುಟ್ಟುವ ಹೊತ್ತಿಗೆ ಸುಣ್ಣದ ಗೆರೆಯೊಳಗೆ ಗಾಡಿಗಳು ತುಂಬಿದ್ದವು. ಹೊಲ ಇಲ್ಲದವರು ಕೂಡ ಅಮಾವಾಸ್ಯೆಯ ಊಟಕ್ಕೆ ಕೆರೆಗೆ ಬಂದಿದ್ದರು. ಎರಡೂ ಹಂಸಗಳು ನೀರಿನಲ್ಲಿದ್ದವು. ಹಳೆಯ ಗೂಟಗಳನ್ನು ಹುಡುಕಿದೆ, ಒಂದೂ ಕಾಣಲಿಲ್ಲ. ಬೋಟಿನವನನ್ನು ಕೇಳಿದರೆ ಆತ ಸಂಕೋಚದಿಂದಲೇ, "ವಹಿನಿ, ಅವು ಬೋಟಿಗಿ ಬಡೀತಿದ್ದು ನೋಡ್ರಿ, ನೀರು ಇಳಿದ ಕೂಡ್ಲೆ ಕಿತ್ತೀನಿ" ಎಂದ. ಏತಕ್ಕೆ ಹೊಡೆದ ಗೂಟ ಎಂದು ಅವನಿಗೆ ಗೊತ್ತಿರಲಿಲ್ಲ. ಈ ಊರಿನವನಲ್ಲ, ಮಂಗಳವೇಢೆಯ ಕಡೆಯವನು.

ಅತ್ತೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಹದ್ದಿನ ಕಲ್ಲಿನ ಹತ್ತಿರ ಕೂಡಿಸಿದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು, ಕೈಯನ್ನು ಕಲ್ಲಿನ ತಲೆಯ ಮೇಲೆ ಇಟ್ಟುಕೊಂಡು ಕುಳಿತರು. ಹತ್ತು ವರ್ಷದ ನನ್ನ ಮಗಳು ಆಗಲೇ ಚಪ್ಪಲಿ ಬಿಟ್ಟಿದ್ದಳು. ನಾನು ಗೂಟ ಹೊಡೆದು ಬರುವ ತನಕ ನೀರಿಗೆ ಕಾಲಿಟ್ಟರೆ ಡಬ್ಬಿ ಬಿಚ್ಚುವುದಿಲ್ಲ ಎಂದೆ. ಸಿಸ್ಟರ್ ಮಾತು ನನ್ನ ಬಾಯಿಂದ ಬಂತು.

ಸೀರೆಯ ನೆರಿಗೆ ಎತ್ತಿ ಸಿಗಿಸಿ, ಕಲ್ಲಿನಿಂದ ಎಣಿಸುತ್ತಾ ಹೊರಟೆ. ಹೆಜ್ಜೆ ತಪ್ಪಬಾರದು ಎಂದು ಒಂದೊಂದನ್ನೂ ಬಾಯಿಬಿಟ್ಟು ಎಣಿಸಿದೆ. ಹದಿನೇಳರ ಹತ್ತಿರ ಯಾರೋ ಮೆಕ್ಕೆತೆನೆಯ ಗಾಡಿಯವನನ್ನು ಕೂಗಿದರು, ನನಗೆ ಗೊಂದಲವಾಗಿ ಮತ್ತೆ ಕಲ್ಲಿನ ತನಕ ಹೋಗಿ ಮೊದಲಿಂದ ಎಣಿಸಿದೆ. ನಲವತ್ತೆರಡಕ್ಕೆ ನಿಂತೆ. ಬೇವಿನ ಮರಕ್ಕೆ ಮುಖ ಮಾಡಿದೆ. ಬಿದಿರು ಊರುತ್ತಾ ಇಳಿದೆ. ತಳ ಗಟ್ಟಿ. ಮತ್ತೆ ಗಟ್ಟಿ. ಮೊಣಕಾಲು ನೀರು ದಾಟಿ ತೊಡೆಯ ತನಕ ಬಂತು, ಎಲ್ಲಿ ಊರಿದರೂ ತಳ ಸಿಕ್ಕಿತು. ಒಂದು ಕಡೆ ಮಾತ್ರ ಬಿದಿರು ಒಂದು ಗೇಣು ಕೆಸರಿನಲ್ಲಿ ಹೂತು ನಿಂತಿತು. ಎಡಕ್ಕೆ, ಬಲಕ್ಕೆ ನಾಲ್ಕಾರು ಕಡೆ ಚುಚ್ಚಿ ನೋಡಿದೆ. ಬಾವಿ ಇರಲಿಲ್ಲ.

ಆಗ ನನಗೆ ಆದ ಸಮಾಧಾನವನ್ನು ಈಗ ನೆನೆಸಿಕೊಳ್ಳಲಾರೆ. ತುಂಬಿದೆ, ಬಾವಿ ತುಂಬಿಬಿಟ್ಟಿದೆ ಎಂದುಕೊಂಡೆ. ಇಷ್ಟು ವರ್ಷದ ಹೂಳು ಬಂದು ಕೂತು, ನಾವು ಯಾರೂ ಮಾಡಲಾರದ ಕೆಲಸವನ್ನು ಕೆರೆಯೇ ಮಾಡಿ ಮುಗಿಸಿದೆ. ಯಾರ ಕೈಗೂ ಪಾಪ ಹತ್ತಲಿಲ್ಲ. ಆ ಮೆತ್ತನೆಯ ಜಾಗದ ಸುತ್ತ ನಾಲ್ಕು ಗೂಟ ಹೊಡೆದು, ಕೆಂಪು ಚಿಂದಿ ಕಟ್ಟಿ, ನಗುತ್ತಲೇ ದಂಡೆಗೆ ಬಂದೆ.

ಅತ್ತೆ ನಲವತ್ತೆರಡು ಎಣಿಸಿದೆಯಾ ಎಂದು ಕೇಳಿದರು. ಎರಡು ಸಲ ಎಣಿಸಿದೆ ಎಂದೆ. ಬಾವಿ ತುಂಬಿದೆ, ಬಿದಿರಿಗೆ ತಳ ಹತ್ತುತ್ತದೆ ಎಂದೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಅದು ತುಂಬುವ ಬಾವಿ ಅಲ್ಲ, ಅದರ ಸೆಲೆ ಮಣ್ಣನ್ನು ಉಗುಳುತ್ತದೆ ಎಂದರು. ಯಜಮಾನರಿಗೆ ಹಸಿವಾಗಿತ್ತು. "ಯವ್ವಾ, ಕಣ್ಣಿಗೆ ಕಾಣಾಂಗಿಲ್ಲ, ಕುಂತಲ್ಲೇ ಬಾವಿ ಅಳೀತಿ ನೋಡು" ಎಂದು ತಮಾಷೆ ಮಾಡಿದರು. ನಾನು ಮಗಳಿಗೆ ಕೆಂಪು ಚಿಂದಿ ತೋರಿಸಿ, ಅದರ ಹತ್ತಿರ ಬೇಡ, ಅದಕ್ಕಿಂತ ಈಚೆ, ಕಲ್ಲಿನ ಕಡೆಗೇ ಆಡು ಎಂದೆ. ಈ ಕಡೆ ಸುರಕ್ಷಿತ ಎಂದು ಹತ್ತಿರದ ಇನ್ನೊಂದು ಸಂಸಾರದ ಹೆಂಗಸಿಗೂ ಹೇಳಿದೆ. ಆಕೆ ಥ್ಯಾಂಕ್ಯೂ ತಾಯಿ ಎಂದು ತನ್ನ ಎರಡು ಮಕ್ಕಳನ್ನೂ ಬಿಟ್ಟಳು.

ಬುಟ್ಟಿ ಬಿಚ್ಚಲು ಕುಳಿತೆ. ಆದರೆ ಅತ್ತೆ ತುಂಬುವ ಬಾವಿ ಅಲ್ಲ ಎಂದದ್ದು ಅಕ್ಕಿಯಲ್ಲಿಯ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತಲೇ ಇತ್ತು. ರೊಟ್ಟಿ ಎಣಿಸಿ ಇಡುತ್ತಾ ಮಕ್ಕಳನ್ನು ಎಣಿಸಿದೆ. ಮೂರು. ಮಗಳು ಬಾಡಿಗೆಯ ಟ್ಯೂಬಿನೊಳಗೆ ಕುಂಡೆ ಇಳಿಬಿಟ್ಟು, ಕೈಯಿಂದ ನೀರು ಜಗ್ಗಿಕೊಂಡು ತೇಲುತ್ತಿದ್ದಳು. ಭಜ್ಜಿಯ ಪಾತೇಲಿಯ ಮುಚ್ಚಳ ತೆಗೆದೆ. ಮತ್ತೆ ಎಣಿಸಿದೆ. ಮೂರು. ತಲೆ ಎತ್ತಿದಾಗ ಅತ್ತೆಯ ಕುರ್ಚಿ ಖಾಲಿ ಇತ್ತು.

ಅವರು ಹದ್ದಿನ ಕಲ್ಲಿನಿಂದ ದಂಡೆಗುಂಟ ಹೊರಟಿದ್ದರು. ಬಿದಿರನ್ನು ಕೋಲಿನ ಹಾಗೆ ಹಿಡಿದು, ತಲೆ ತಗ್ಗಿಸಿ, ನಿಧಾನವಾಗಿ. ನಾನು ಚಪ್ಪಲಿ ಇಲ್ಲದೆಯೇ ಹಿಂದೆ ಓಡಿದೆ. ಬೀಳುತ್ತಾರೆ ಎಂಬ ಗಾಬರಿಗೆ ಅವರ ಪಾದವನ್ನೇ ನೋಡುತ್ತಿದ್ದೆ. ಮೊದಲ ಸಲ ಹತ್ತಿರದಿಂದ ನೋಡಿದೆ. ಅವರು ಪ್ರತಿ ಹೆಜ್ಜೆಗೂ ಕಾಲನ್ನು ಸ್ವಲ್ಪ ಮೇಲೆತ್ತಿ, ಏನನ್ನೋ ದಾಟಿ, ಆ ಕಡೆ ಹಗೂರಕ್ಕೆ ಇಡುತ್ತಿದ್ದರು. ಇಷ್ಟು ವರ್ಷ ದೂರದಿಂದ ಅದನ್ನು ನೋಡಿ ಮೊಣಕಾಲಿನ ನೋವು ಎಂದುಕೊಂಡಿದ್ದೆ. ಅದು ನೋವಿನ ನಡಿಗೆ ಅಲ್ಲ. ಬೆಳೆ ಇರುವ ಹೊಲದಲ್ಲಿ ಸಸಿ ತುಳಿಯದೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟುವವರ ನಡಿಗೆ. ಕೂರಿಗೆಯಿಂದ ಬಿತ್ತಿದ ಜೋಳದ ಸಾಲು. ಸಾಲಿಗೂ ಸಾಲಿಗೂ ನಡುವೆ ಒಂದು ಮೊಳ, ಅಷ್ಟೇ. ಅವರು ಹೆಜ್ಜೆಯನ್ನು ಎಣಿಸುತ್ತಲೇ ಇರಲಿಲ್ಲ, ಸಾಲನ್ನು ಎಣಿಸುತ್ತಿದ್ದರು. ನನ್ನದು ಶಾಲೆಯಲ್ಲಿ ಕವಾಯತಿಗೆ ಕಲಿಸಿದ ಉದ್ದನೆಯ ಹೆಜ್ಜೆ.

ಮೂವತ್ತೆಂಟು, ಮೂವತ್ತೊಂಬತ್ತು. ನಾನೂ ಅವರ ಹಿಂದೆ ಕಾಲೆತ್ತಿ ಎಣಿಸುತ್ತಿದ್ದೆ. ನಲವತ್ತೆರಡಕ್ಕೆ ಅವರು ನಿಂತರು. ನನ್ನ ಕೆಂಪು ಚಿಂದಿ ಇನ್ನೂ ಎಷ್ಟೋ ದೂರ ಮುಂದೆ ಗಾಳಿಗೆ ಹಾರುತ್ತಿತ್ತು. ಅತ್ತೆ ಬೇವಿನ ಮರದ ಕಡೆ ಮುಖ ತಿರುಗಿಸಿದರು. ಆ ಮುಖದ ನೇರಕ್ಕೆ ನೀರಿನಲ್ಲಿ ನನ್ನ ಮಗಳು ನಿಂತಿದ್ದಳು. ಟ್ಯೂಬಿನಿಂದ ಆಗ ತಾನೇ ಇಳಿದು, ಅದನ್ನು ಸೊಂಟಕ್ಕೆ ಒರಗಿಸಿಕೊಂಡು, ನೀರು ಅವಳ ಸೊಂಟದ ಕೆಳಗೆ. ನಮ್ಮ ಕಡೆ ನೋಡಿ ನಗುತ್ತಾ ಕೈ ಬೀಸಿದಳು. ಇನ್ನಿಬ್ಬರು ಮಕ್ಕಳು ಕಲ್ಲಿನ ಹತ್ತಿರ ಅಂಚಿನಲ್ಲೇ ಇದ್ದರು.

ಚೀರಬೇಕೆಂದೂ ನನಗೆ ಹೊಳೆಯಲಿಲ್ಲ. ಅದೇ ಒಳ್ಳೆಯದಾಯಿತೇನೋ, ನಾನು ಚೀರಿದ್ದರೆ ಅವಳು ನನ್ನ ಕಡೆಗೆ ಓಡಿ ಬರುತ್ತಿದ್ದಳು. ಅತ್ತೆ ಮಾತ್ರ ಅಂಗಳದಲ್ಲಿ ಆಡುವ ಮೊಮ್ಮಗಳಿಗೆ ಹೇಳುವ ದನಿಯಲ್ಲೇ ಹೇಳಿದರು.

"ಯವ್ವಾ, ಅಲ್ಲೇ ನಿಂದರು. ಮುಂದ ಕಾಲ ಇಡಬ್ಯಾಡ. ನಾ ಬರಾಕತ್ತೀನಿ, ಒಂದ ಆಟ ಐತಿ."

ಬಿದಿರನ್ನು ನಾನು ಕಸಿದುಕೊಂಡೆ, ಅವರನ್ನು ನೀರಿಗೆ ಇಳಿಯಲು ಬಿಡಲಿಲ್ಲ. ಅವರು ದಂಡೆಯಲ್ಲಿ, ನಾನು ನೀರಿನಲ್ಲಿ. ಬಿದಿರು ಊರಿದೆ. ಗಟ್ಟಿ. ಇನ್ನೆರಡು ಹೆಜ್ಜೆ. ಗಟ್ಟಿ. ಆಮೇಲೆ ಊರಿದಾಗ ಬಿದಿರು ನನ್ನ ಕೈಯಲ್ಲೇ ಜಾರಿಕೊಂಡು ಹೋಯಿತು, ತೋಳಿನ ತನಕ ನೀರಿಗೆ ಬಾಗಿದರೂ ತಳ ಇಲ್ಲ. ನೀರಿನ ಮೇಲ್ಮೈಯಲ್ಲಿ ಏನೂ ಬೇರೆ ಇರಲಿಲ್ಲ. ಅದೇ ಬಣ್ಣ, ಅದೇ ಸಣ್ಣ ತೆರೆ, ಒಂದು ಮೆಕ್ಕೆತೆನೆಯ ಸಿಪ್ಪೆ ತೇಲುತ್ತಿತ್ತು. ಬಾವಿ ನನಗೂ ನನ್ನ ಮಗಳಿಗೂ ನಡುವೆ ಇತ್ತು. ಅವಳು ಟ್ಯೂಬಿನಲ್ಲಿ ಕೂತು ಅದರ ಮೇಲೆಯೇ ತೇಲಿ ಆ ಕಡೆ ಹೋಗಿದ್ದಳು.

ಅತ್ತೆ ಹಿಂದಿನಿಂದ, ಬಾವಿ ಎಂಟು ಸಾಲಿನ ಅಗಲ ಎಂದರು. ಬಲಕ್ಕೆ ಸರಿಯಲು ಹೇಳು, ಹತ್ತು ಸಾಲು ಸರಿಯಲಿ ಎಂದರು. ನಾನು ಮಗಳಿಗೆ ಆ ಕಡೆಯ ಕೈ ತೋರಿಸಿ, ನನ್ನ ಕಾಲು ನೋಡು, ಹೀಗೆ ಮೇಲೆತ್ತಿ ಅಡ್ಡಡ್ಡ ದಾಟು ಎಂದೆ. ನನ್ನ ಮುಖ ನೋಡಿ ಅವಳ ನಗು ಆರಿತ್ತು. "ಮಮ್ಮಿ, ಏನೈತಿ ಕೆಳಗ?" ಎಂದಳು. ಜೋಳ ಐತಿ, ತುಳೀಬಾರದು ಎಂದೆ. ಯಾಕೆ ಹಾಗೆ ಹೇಳಿದೆನೋ. ಅವಳು ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು, ಅಡ್ಡಕ್ಕೆ ಒಂದು ಕಾಲು ಎತ್ತಿದಳು, ಇಟ್ಟಳು. ಇನ್ನೊಂದು ಎತ್ತಿದಳು. ದಂಡೆಯಿಂದ ಅತ್ತೆ ಎಣಿಸುತ್ತಿದ್ದರು. ನಾನು ನನ್ನ ಕಡೆಯಿಂದ ಅವಳ ಜೊತೆಗೇ ಸರಿಯುತ್ತಿದ್ದೆ, ನಡುವೆ ಆ ನೀರು. ಐದರ ಹತ್ತಿರ ಅವಳ ಕಾಲು ಸ್ವಲ್ಪ ಜಾರಿತು, ಟ್ಯೂಬು ವಾಲಿತು. ಅವಳು ಮತ್ತೆ ನೆಟ್ಟಗಾಗುವ ತನಕ ನಾನು ಬಿದಿರನ್ನು ಅವಳ ಕಡೆ ಚಾಚಿ ನಿಂತೆ. ಹತ್ತಕ್ಕೆ ನಾನು ಮುಂದೆ ಬಿದಿರು ಊರಿದೆ. ಗಟ್ಟಿ. ಊರುತ್ತಾ ಊರುತ್ತಾ ಹೋಗಿ ಅವಳ ಒದ್ದೆ ತೋಳು ಹಿಡಿದುಕೊಂಡೆ. ದಂಡೆಗೆ ಬಂದ ಮೇಲೂ ಬಿಡಲಿಲ್ಲ. ಆಮೇಲೆ ನೋಡಿದರೆ ತೋಳಿನ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ದವು.

ಯಜಮಾನರು ಅಷ್ಟರಲ್ಲಿ ಓಡಿ ಬಂದಿದ್ದರು. ಅವರು ಬಿದಿರನ್ನು ತೆಗೆದುಕೊಂಡು ಆ ಜಾಗಕ್ಕೆ ಹೋಗಿ ಒಮ್ಮೆ ಊರಿ ನೋಡಿದರು. ನನ್ನ ಗೂಟಗಳನ್ನು ಕಿತ್ತು ತಂದು ಸರಿಯಾದ ಜಾಗಕ್ಕೆ ಹೊಡೆದರು. ಬೋಟಿನವನು ತಾನಾಗಿಯೇ ತನ್ನ ಹಗ್ಗ ತಂದು ಸುತ್ತ ಕಟ್ಟಿದ. ಹಂಸ ದಿನಕ್ಕೆ ಎಷ್ಟು ಸಲ ಅದರ ಮೇಲೆ ಹಾದು ಹೋಗುತ್ತದೆ ಎಂದು ಅವನು ಲೆಕ್ಕ ಹಾಕುತ್ತಿದ್ದನೋ ಏನೋ. ನಾನು ಸುರಕ್ಷಿತ ಎಂದು ಹೇಳಿದ ಹೆಂಗಸಿನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಆಕೆ ಮಕ್ಕಳ ತಲೆ ಒರೆಸುತ್ತಲೇ ಇದ್ದಳು. ಒಣಗಿದ ಮೇಲೂ ಒರೆಸುತ್ತಿದ್ದಳು.

ಅವತ್ತು ಅತ್ತೆ ಚರಗ ಚೆಲ್ಲಿದರು. ಬೇಡ ಎಂದರೂ ಕೇಳಲಿಲ್ಲ. ಊಟ ಯಾರಿಗೂ ಇಳಿಯಲಿಲ್ಲ, ಬುಟ್ಟಿ ಹಾಗೇ ಅಕ್ಕಲಕೋಟಕ್ಕೆ ಮರಳಿತು.

ದಾರಿಯಲ್ಲಿ ಯಜಮಾನರು, ಈ ಬೇಸಿಗೆಗೆ ನಾಲ್ಕು ಟ್ರ್ಯಾಕ್ಟರ್ ಮುರುಮ್ ಮಣ್ಣು ಹಾಕಿಸಿ ಅದನ್ನು ಮುಚ್ಚಿಯೇ ಬಿಡುತ್ತೇನೆ ಎಂದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ನಾನು ಯಾರ ಪಕ್ಷವೂ ಹಿಡಿಯಲಾರದೆ ಕುಳಿತಿದ್ದೆ. ಮುಚ್ಚಿದರೆ ನನಗೆ ನೆಮ್ಮದಿ. ಆದರೆ ಆ ಬಾವಿಯ ಅಳತೆ ತಿಳಿದವರು ಅತ್ತೆಯೊಬ್ಬರೇ, ಅವತ್ತು ನನ್ನ ಮಗಳನ್ನು ದಾಟಿಸಿದ್ದೂ ಅವರ ಆ ತಿಳಿವಳಿಕೆಯೇ. ಅದರ ಬಾಯಿಗೆ ಮಣ್ಣು ಹಾಕಿ ಎಂದು ನನ್ನ ಬಾಯಿಂದ ಹೇಗೆ ಬರಬೇಕು? ಮನೆ ಮುಟ್ಟಿ, ಒದ್ದೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ. ಮಗಳ ಫ್ರಾಕಿನ ಕೆಸರು ಉಜ್ಜುವಾಗ ಬೆರಳು ಆ ಹಗ್ಗದ ಕಚ್ಚಿನೊಳಗೆ ಹೋಗಿ ಕೂತಿತು. ಉಜ್ಜುವುದನ್ನು ಬಿಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಒಳಗೆ ಬಂದು ಅತ್ತೆಗೆ ಹೇಳಿದೆ.

"ಅತ್ತಿ, ಮುಚ್ಚೂದು ಬ್ಯಾಡ್ರಿ. ಅದರ ಕಟ್ಟಿ ಅದಕ್ಕ ತಿರುಗಿ ಕೊಡೂಣು."

ಅವರು ನನ್ನ ಕೈ ಹಿಡಿದು ನೋಡಿದರು. ಸಾಬೂನು ಇನ್ನೂ ಅಂಟಿಕೊಂಡಿತ್ತು. ಆಮೇಲೆ ತಮ್ಮ ಸೆರಗಿನಿಂದ ಅದನ್ನು ಒರೆಸಿದರು.

ಹೋಳಿ ಕಳೆದು ನೀರು ಹಿಂದೆ ಸರಿದಾಗ ಹಿತ್ತಲಿನ ಕಲ್ಲುಗಳನ್ನು ಹೇರಿಕೊಂಡು ಹೋದೆವು. ಕೇಳಬೇಕಾದವರನ್ನೆಲ್ಲ ಕೇಳಿದ್ದೆವು. ಯಾರೂ ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಿರುಕು ಬಿಟ್ಟ ಕಪ್ಪು ನೆಲದ ನಡುವೆ ಬಾವಿಯನ್ನು ನಾನು ಮೊದಲ ಸಲ ಕಣ್ಣಾರೆ ಕಂಡೆ. ಹಸಿರು ನೀರು, ಮೂರು ಮೆಟ್ಟಿಲು ಕಾಣುತ್ತಿದ್ದವು, ನಾಲ್ಕನೆಯದು ನೀರಿನಲ್ಲಿ. ತುಂಬಿರಲಿಲ್ಲ. ಒಂದು ಕೆಸರಾದ ರಬ್ಬರಿನ ಚೆಂಡು ತೇಲುತ್ತಿತ್ತು. ಯಾರ ಮಗುವಿನದೋ. ಅದು ಬರೀ ಚೆಂಡು, ಅದರ ಹಿಂದೆ ಯಾರೂ ಹೋಗಿಲ್ಲ ಎಂದು ಊರಿನವರು ಎರಡು ಸಲ ಹೇಳಿದ ಮೇಲೆಯೇ ನಾನು ಕುಳಿತದ್ದು.

ಗೌಂಡಿ ಎರಡು ದಿನ ಕೆಲಸ ಮಾಡಿದ. ಎದೆಮಟ್ಟದ ಕಟ್ಟೆ. ಹಿತ್ತಲಿನ ಕಲ್ಲು ಸಾಲದೆ ಹೊಸ ಕಲ್ಲನ್ನೂ ಸೇರಿಸಬೇಕಾಯಿತು. ಹಗ್ಗದ ಕಚ್ಚಿನ ಕಲ್ಲು ಮೇಲಿನ ಸಾಲಿಗೆ ಬಂತು, ಬೇವಿನ ಮರದ ಕಡೆಗೆ. ಅಕ್ಕಲಕೋಟದಲ್ಲಿ ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಹಿತ್ತಲಿಗೆ ಸಿಮೆಂಟು ಬಳಿಸಿಕೊಂಡು, ಈ ಮನ್ಯಾಗ ಬಾವಿಗಿ ಇದ್ದ ಮಾನ ಸೊಸಿಗಿಲ್ಲ ಎಂದು ಬಂದವರೆಲ್ಲರ ಮುಂದೆ ಆಡಿಕೊಂಡಳು. ಅವಳ ಮಾತೂ ಸುಳ್ಳಲ್ಲ. ಸಿಮೆಂಟಿನ ಮೇಲೆ ಬಟ್ಟೆ ಬೇಗ ಸವೆಯುತ್ತದೆ.

ಈಗ ಮಳೆಗಾಲ. ಕೆರೆ ತುಂಬಿದೆ ಎಂದು ಬೋಟಿನವನು ಫೋಟೋ ಕಳಿಸಿದ್ದಾನೆ. ಹಂಸಗಳನ್ನು ದಂಡೆಗೆ ಎಳೆದು ಕಟ್ಟಿದ್ದಾನಂತೆ. ಫೋಟೋದಲ್ಲಿ ನೀರು ಬಿಟ್ಟರೆ ಏನೂ ಕಾಣುವುದಿಲ್ಲ. ಕಟ್ಟೆ ಅದರೊಳಗೆ ಎಲ್ಲೋ ನಿಂತಿರಬೇಕು. ನಿಂತಿದೆಯೋ, ನೀರಿನ ಒತ್ತಿಗೆ ಕುಸಿದಿದೆಯೋ, ಎಳ್ಳ ಅಮಾವಾಸ್ಯೆಗೆ ನೀರು ಇಳಿದಾಗಲೇ ತಿಳಿಯುವುದು. ಅಲ್ಲಿಯ ತನಕ ನನಗೆ ಸುಮ್ಮನೆ ಕೂರಲಾಗುವುದಿಲ್ಲ.

ಮಧ್ಯಾಹ್ನ ಒಗೆದ ಬಟ್ಟೆ ತೆಗೆಯಲು ಗಚ್ಚಿಯ ಮೇಲೆ ಹೋದಾಗ ಅತ್ತೆಯೂ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. ಎರಡೂ ಕಣ್ಣು ಈಗ ಚೆನ್ನಾಗಿ ಕಾಣುತ್ತವೆ. ರಂಗೋಲಿ ಹಿಟ್ಟಿನಿಂದ ಒಂದೊಂದು ಮೊಳಕ್ಕೆ ಒಂದೊಂದು ಗೆರೆ ಎಳೆದಿದ್ದಾರೆ. ಗಚ್ಚಿ ಸಾಲದ್ದಕ್ಕೆ ನೀರಿನ ಟಾಕಿಯ ಹತ್ತಿರ ತಿರುಗಿ ಬರಬೇಕು. ನಾನು ಮುಂದೆ, ಮಗಳು ನನ್ನ ಹಿಂದೆ. ಗೆರೆ ತುಳಿದರೆ ಅತ್ತೆ ನಾಲಿಗೆಯಿಂದ ಚ್ ಎನ್ನುತ್ತಾರೆ, ತುಳಿದವರು ಮೊದಲಿನಿಂದ ಸುರು ಮಾಡಬೇಕು. ನಿನ್ನೆ ಮಗಳು ನಲವತ್ತೆರಡನ್ನೂ ದಾಟಿದಳು. ನಾನು ಮೂವತ್ತರ ಹತ್ತಿರ ಕೆಳಗೆ ನಳ ಬಂದ ಸದ್ದು ಕೇಳಿ, ಕಾಲು ಗೆರೆಯ ಮೇಲಿಟ್ಟೆ.